ಒಬ್ಬರ ಅಡುಗೆಯಲ್ಲಿ ಕಾಯಿಯ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಒಬ್ಬರೇ ಇರುವವರ ಅಡುಗೆ ಎಂದ ಕೂಡಲೇ ಮಣಿಪಾಲದಲ್ಲೋ ಕದ್ರಿಯಲ್ಲೋ ಬಾಡಿಗೆ ಕೋಣೆ ಹಿಡಿದ ಹುಡುಗ ಹುಡುಗಿಯರ ನೆನಪಾಗುತ್ತದೆ. ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಒಬ್ಬರೇ ಕೂತು ಉಣ್ಣುವವರು ಅವರು ಮಾತ್ರ ಅಲ್ಲ. ಮಕ್ಕಳು ಬೆಂಗಳೂರಿಗೋ ದುಬೈಗೋ ಹೋಗಿ, ದೊಡ್ಡ ಮನೆಯಲ್ಲಿ ಒಬ್ಬರೇ ಉಳಿದ ಅಮ್ಮಂದಿರೂ ಇದ್ದಾರೆ. ಕೋಣೆಯ ಹುಡುಗ ಹುಡುಗಿಯರಿಗೆ ಅಡುಗೆ ಗೊತ್ತಿಲ್ಲ. ಅಮ್ಮಂದಿರಿಗೆ ಹತ್ತು ಜನಕ್ಕೆ ಮಾಡಿ ಅಭ್ಯಾಸ, ಒಬ್ಬರಿಗೆ ಮಾಡಲು ಕೈಯೇ ಬರುವುದಿಲ್ಲ. "ನನಗೊಬ್ಬಳಿಗೆ ಎಂತ ಮಾಡುವುದು ಮಾರಾಯ್ರೆ" ಎಂದು ರಾತ್ರಿ ಚಹಾ, ಬನ್ನಿನಲ್ಲಿ ಮುಗಿಸುತ್ತಾರೆ.

ಒಮ್ಮೆ ಮಾಡಿಟ್ಟು ಮೂರು ನಾಲ್ಕು ದಿನ ಉಣ್ಣಬೇಕು, ಖರ್ಚೂ ಕಡಿಮೆ ಆಗಬೇಕು. ಹೇಳುವುದು ಸುಲಭ. ನಮ್ಮ ಕರಾವಳಿಯಲ್ಲಿ ಅದಕ್ಕೆ ಅಡ್ಡ ಬರುವುದು ಎರಡು: ಒಂದು ಸೆಕೆ, ಇನ್ನೊಂದು ತೆಂಗಿನಕಾಯಿ. ಅರೆದ ಕಾಯಿ ಬಿದ್ದ ಪದಾರ್ಥ ಬೆಳಿಗ್ಗೆ ಮಾಡಿದ್ದು ಸಂಜೆಗೆ ನೊರೆ ಬರುತ್ತದೆ. ಹಾಗೆಂದು ಕಾಯಿ ಬಿಟ್ಟು ಅಡುಗೆ ಮಾಡಿ ಎಂದರೆ ನೀವು ರೇಡಿಯೋ ಬಂದ್ ಮಾಡಿಯೀರಿ. ನಾನು ಹೇಳುವುದು ಇಷ್ಟೇ: ರಾಶಿ ಮಾಡುವಾಗ ಕಾಯಿ ಹಾಕುವ ಹಂತಕ್ಕೆ ಮೊದಲೇ ನಿಲ್ಲಿಸಿ. ಕಾಯಿ, ಒಗ್ಗರಣೆ ಎರಡೂ ಆಯಾ ದಿನದ್ದು, ಆಯಾ ಹೊತ್ತಿನದ್ದು.

ತೊಗರಿಬೇಳೆಯನ್ನೇ ತೆಗೆದುಕೊಳ್ಳಿ. 250 ಗ್ರಾಂ ಬೇಳೆಯನ್ನು ಅರಸಿನ, ಒಂದು ಚಮಚ ಎಣ್ಣೆ ಹಾಕಿ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ. ಉಪ್ಪು, ಹುಳಿ, ತರಕಾರಿ ಯಾವುದೂ ಬೇಡ. ಆರಿದ ಮೇಲೆ ಮೂರು ಸಣ್ಣ ಡಬ್ಬಗಳಿಗೆ ಹಂಚಿ ಫ್ರಿಜ್ಜಿನಲ್ಲಿಡಿ. ಮೊದಲ ದಿನ ಒಂದು ಡಬ್ಬ ತೆಗೆದು, ಹಸಿಮೆಣಸು ಸೀಳಿ ಹಾಕಿ ಕುದಿಸಿ, ಸಾಸಿವೆ, ಒಣಮೆಣಸು, ಬೇವಿನಸೊಪ್ಪು, ಇಂಗಿನ ಒಗ್ಗರಣೆ ಕೊಟ್ಟರೆ ಕೊಂಕಣಿಗರ ದಾಳಿತೋಯ್. ಮರುದಿನ ಟೊಮೆಟೊ, ಸಾರಿನ ಪುಡಿ ಹಾಕಿದರೆ ಸಾರು. ಮೂರನೆಯ ದಿನ ಸೌತೆಕಾಯಿ ಹೋಳು ಬೇಯಿಸಿ, ಒಂದು ಹಿಡಿ ಕಾಯಿತುರಿಗೆ ಹುರಿದ ಕೊತ್ತಂಬರಿ, ಮೆಣಸು, ಚೂರು ಮೆಂತೆ ಸೇರಿಸಿ ಅರೆದು ಹಾಕಿದರೆ ಕೊದ್ದೆಲು. ಗ್ಯಾಸ್ ಉರಿದದ್ದು ಹೆಚ್ಚಿನ ಪಾಲು ಮೊದಲ ದಿನವೇ. ಕೋಣೆಯಲ್ಲಿರುವವರು 5 ಕಿಲೋದ ಸಣ್ಣ ಸಿಲಿಂಡರ್ ಇಟ್ಟುಕೊಂಡಿರುತ್ತೀರಲ್ಲ, ನಿಮಗೆ ಆ ಲೆಕ್ಕ ಬೇಗ ಗೊತ್ತಾಗುತ್ತದೆ.

ಸೌತೆಕಾಯಿ ಎಂದೆ. ನಮ್ಮ ಮಂಗಳೂರು ಸೌತೆ ಇಡಿಯಾಗಿದ್ದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಬಾಳೆಹಗ್ಗದಲ್ಲಿ ಕಟ್ಟಿ ಮನೆಯ ಸೂರಿಗೆ ತೂಗುಹಾಕಿ ಮಳೆಗಾಲ ಕಳೆಯುತ್ತಿದ್ದದ್ದು ಹಾಗೆಯೇ. ಆದರೆ ಕೊಯ್ದ ಮೇಲೆ ಮೂರು ನಾಲ್ಕು ದಿನದಲ್ಲಿ ಮುಗಿಯಲೇಬೇಕು. ಆದ್ದರಿಂದ ಮಾರ್ಕೆಟಿನಲ್ಲಿ ದೊಡ್ಡದು ಅಗ್ಗ ಎಂದು ಹೊತ್ತು ತರಬೇಡಿ, ಸಣ್ಣದನ್ನೇ ಆರಿಸಿ. ತಿರುಳು, ಬೀಜ ಎಸೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅದನ್ನು ಕಿವುಚಿ, ಸೋಸಿ, ಹುಳಿ ಬೆಲ್ಲ ಹಾಕಿ ಕುದಿಸಿದರೆ ಒಂದು ಹೊತ್ತಿನ ಸಾರು ಬಿಟ್ಟಿ ಸಿಕ್ಕಿತು.

ಇನ್ನು ಕಾಯಿ. ಒಬ್ಬರಿಗೆ ಒಂದು ಇಡೀ ಕಾಯಿ ಒಂದೇ ದಿನ ಖರ್ಚಾಗುವುದಿಲ್ಲ. ಒಡೆದಾಗ ಕಣ್ಣಿರುವ ಅರ್ಧ ಹೋಳು ಮೊದಲು ಹಾಳಾಗುತ್ತದೆ ಎಂದು ಹಿರಿಯರು ಅದನ್ನೇ ಮೊದಲು ತುರಿಯುತ್ತಾರೆ. ಇನ್ನೊಂದನ್ನು ಕೂಡ ಅಂದೇ ತುರಿದು, ಪ್ಲಾಸ್ಟಿಕ್ ಚೀಲದಲ್ಲಿ ರೊಟ್ಟಿಯಷ್ಟು ತೆಳ್ಳಗೆ ಒತ್ತಿ ಫ್ರೀಜರಿನಲ್ಲಿಡಿ. ಉಂಡೆಯಾಗಿ ಇಟ್ಟರೆ ಕಲ್ಲಾಗುತ್ತದೆ, ತೆಳ್ಳಗಿದ್ದರೆ ಬೇಕಾದಷ್ಟೇ ಮುರಿದುಕೊಳ್ಳಬಹುದು. ಮಿಕ್ಸಿಗೆ ಹಾಕುವಾಗ ಬಿಸಿನೀರು ಸೇರಿಸಿ.

ಅನ್ನದ ವಿಷಯದಲ್ಲಿ ಕುಚ್ಚಲಕ್ಕಿ ನಮ್ಮ ಭಾಗ್ಯ. ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಯ ಅನ್ನ ಮರುದಿನ ಗಟ್ಟಿ, ಕುಚ್ಚಲಕ್ಕಿ ಅಗುಳು ಅಗುಳಾಗಿಯೇ ಇರುತ್ತದೆ. ಕುದಿಯುವ ನೀರು ಹೊಯ್ದು ಎರಡು ನಿಮಿಷ ಬಿಟ್ಟು ಬಸಿದರೆ ಹೊಸ ಅನ್ನಕ್ಕೆ ಹತ್ತಿರ. ಬೇಯಲು ಹೊತ್ತು ಬೇಕು, ಅದು ನಿಜ. ಅದಕ್ಕೇ ಈಗ ಎಷ್ಟೋ ಮನೆಗಳಲ್ಲಿ ಥರ್ಮಲ್ ರೈಸ್ ಕುಕ್ಕರ್ ಇದೆ: ಚೆನ್ನಾಗಿ ಕುದಿಸಿ ಪಾತ್ರೆಯನ್ನು ಆ ಡಬ್ಬದೊಳಗೆ ಇಳಿಸಿ ಮುಚ್ಚಿಟ್ಟರೆ ಉಳಿದದ್ದು ಒಳಗಿನ ಬಿಸಿಯಲ್ಲೇ ಬೇಯುತ್ತದೆ.

ಇಲ್ಲಿ ಒಂದು ಮಾತು ಸ್ವಲ್ಪ ಖಡಕ್ ಆಗಿಯೇ ಹೇಳುತ್ತೇನೆ. ಬೆಂದ ಅನ್ನವನ್ನು ಮಧ್ಯಾಹ್ನದಿಂದ ರಾತ್ರಿಯವರೆಗೆ ಹೊರಗೆ ಇಟ್ಟು, ಆಮೇಲೆ ಬಿಸಿ ಮಾಡಿದರಾಯಿತು ಅಂದುಕೊಳ್ಳಬೇಡಿ. ಅಕ್ಕಿಯಲ್ಲಿರುವ ಒಂದು ಜಾತಿಯ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ. ಬೆಚ್ಚಗೆ ಉಳಿದ ಅನ್ನದಲ್ಲಿ ಅವು ಮೊಳೆತು ವಿಷ ಬಿಡುತ್ತವೆ, ವಾಂತಿ ತರಿಸುವ ಆ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, 2 ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಬೇಳೆಗೂ ಪಲ್ಯಕ್ಕೂ ಇದೇ ನಿಯಮ. ಮಳೆಗಾಲದಲ್ಲಿ ಕರೆಂಟು ಹೋದರೆ ಫ್ರಿಜ್ಜಿನ ಬಾಗಿಲು ಪದೇ ಪದೇ ತೆಗೆಯಬೇಡಿ. ಮುಚ್ಚಿಯೇ ಇದ್ದರೆ ಸುಮಾರು 4 ಗಂಟೆ ತಂಪು ಉಳಿಯುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಕರೆಂಟು ಬಾರದಿದ್ದರೆ ಒಳಗಿನ ಪದಾರ್ಥದ ಮೇಲೆ ಪ್ರೀತಿ ಬೇಡ.

ಅಗ್ಗಕ್ಕೆ ಅಗ್ಗ, ಗಟ್ಟಿಗೆ ಗಟ್ಟಿ ಎಂದರೆ ಹುರುಳಿ. ಉಡುಪಿಯ ಕುಂಜಿಬೆಟ್ಟಿನಲ್ಲಿ ನಮ್ಮ ದೊಡ್ಡಮ್ಮ ಒಬ್ಬರಿದ್ದಾರೆ, ಒಬ್ಬರೇ ಇರುವುದು. ವಾರಕ್ಕೊಮ್ಮೆ ಹುರುಳಿ ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಧಾರಾಳ ಇಟ್ಟು ಬೇಯಿಸುತ್ತಾರೆ. ಕಟ್ಟು ಬಸಿದು ಹುಣಸೆಹುಳಿ, ಬೆಲ್ಲ, ಮೆಣಸಿನಪುಡಿ, ಉಪ್ಪು ಹಾಕಿ ಕುದಿಸಿ, ಬೆಳ್ಳುಳ್ಳಿ ಜಜ್ಜಿ ತೆಂಗಿನೆಣ್ಣೆಯಲ್ಲಿ ಕಪ್ಪಾಗುವ ಅಂಚಿನವರೆಗೆ ಹುರಿದು ಒಗ್ಗರಣೆ. ಅದರಲ್ಲಿ ಕಾಯಿ ಇಲ್ಲ. ಫ್ರಿಜ್ಜಿನಿಂದ ದಿನಾ ಉಣ್ಣುವಷ್ಟು ಮಾತ್ರ ತೆಗೆದು ಕುದಿಸುತ್ತಾರೆ. ಮೂರನೆಯ ದಿನ ಸಾರಿಗೆ ನಿಜವಾದ ರುಚಿ ಬರುತ್ತದೆ. ಬಸಿದ ಕಾಳಿನಲ್ಲಿ ಒಂದು ಪಾಲು ಅಂದಿನ ಪಲ್ಯಕ್ಕೆ, ಒಂದು ಪಾಲು ಮರುದಿನದ ಚಟ್ನಿಗೆ, ಉಳಿದದ್ದು ಫ್ರೀಜರಿಗೆ. "ಇಡೀ ಸಾರನ್ನು ಯಾಕೆ ದಿನಾ ಬಿಸಿ ಮಾಡುವುದಿಲ್ಲ?" ಎಂದು ಕೇಳಿದೆ. "ಗ್ಯಾಸ್ ನಿನ್ನ ಅಪ್ಪ ಕೊಡ್ತಾನಾ?" ಎಂದರು.

ದೋಸೆ ಹಿಟ್ಟು ಹೇಗೂ ನಿಮಗೆ ಗೊತ್ತಿದೆ, ಉದ್ದ ಎಳೆಯುವುದಿಲ್ಲ. ಉದ್ದಿನ ಹಿಟ್ಟು ಹುಳಿ ಬಂದ ಮೊದಲ ದಿನ ಇಡ್ಲಿ, ಆಮೇಲೆ ಎರಡು ದಿನ ದೋಸೆ, ಹುಳಿ ಜಾಸ್ತಿಯಾದಾಗ ನೀರುಳ್ಳಿ, ಹಸಿಮೆಣಸು ಕೊಚ್ಚಿ ಹಾಕಿ ಗುಳಿಯಪ್ಪ. ನೀರುದೋಸೆ ಹಿಟ್ಟನ್ನು ಮಾತ್ರ ರಾಶಿ ಅರೆದಿಡಬೇಡಿ. ಅದು ಹುಳಿ ಬಂದರೆ ನೀರುದೋಸೆಯೇ ಅಲ್ಲ.

ಮೀನು ತಿನ್ನುವವರಿಗೆ. ಬಂಗುಡೆ, ಬೂತಾಯಿ ಅಗ್ಗವಾದ ದಿನ ಮಲ್ಪೆಯಲ್ಲೋ ಮಂಗಳೂರಿನ ಮೀನುಬಂದರು ಧಕ್ಕೆಯಲ್ಲೋ ಒಂದು ಕಿಲೋ ತಂದರೆ ಒಬ್ಬರಿಗೆ ನಾಲ್ಕು ಊಟ. ತಂದ ಕೂಡಲೇ ಕ್ಲೀನ್ ಮಾಡಿ, ಅರ್ಧಕ್ಕೆ ಉಪ್ಪು, ಮೆಣಸು, ಹುಳಿಯ ಮಸಾಲೆ ಸವರಿ, ಎರಡೆರಡು ತುಂಡಿನ ಪೊಟ್ಟಣ ಕಟ್ಟಿ ಫ್ರೀಜರಿನಲ್ಲಿಡಿ. ಉಳಿದರ್ಧ ಪುಳಿಮುಂಚಿ. ಕಾಯಿ ಹಾಕದ, ಹುಳಿ ಮುಂದಾದ ಪುಳಿಮುಂಚಿ ಮರುದಿನಕ್ಕೇ ರುಚಿ ಎಂದು ಯಾರನ್ನು ಬೇಕಾದರೂ ಕೇಳಿ. ಆದರೆ ಹಸಿಮೀನನ್ನು ಸಿಂಕಿನಲ್ಲಿಟ್ಟು ಫೋನಿನಲ್ಲಿ ಮಾತಾಡುತ್ತಾ ಕೂರಬೇಡಿ. ಬಂಗುಡೆ, ಬೂತಾಯಿಯಂಥ ಮೀನು ಬೆಚ್ಚಗಿದ್ದರೆ ಹಿಸ್ಟಮಿನ್ ಎಂಬ ವಸ್ತು ಬೆಳೆಯುತ್ತದೆ. ಮುಖ ಕೆಂಪಾಗಿ ಮೈ ತುರಿಸುವುದು ಅದರಿಂದ, ಹುರಿದರೂ ಅದು ಹೋಗುವುದಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ, ಹಸಿಮೀನಿನ ಬೆಲೆ ಕೇಳುವುದೇ ಬೇಡ. ಅದಕ್ಕೆ ಮೇ ತಿಂಗಳಲ್ಲೇ ಒಣ ಎಟ್ಟಿ, ಅಂದರೆ ಒಣ ಸಿಗಡಿ ತಂದಿಡಿ. ತಲೆ, ಬಾಲ ಮುರಿದು, ಬಾಣಲೆಯಲ್ಲಿ ಎಣ್ಣೆಯಿಲ್ಲದೆ ಗರಿಗರಿ ಹುರಿದು, ಪೂರ್ತಿ ಆರಿದ ಮೇಲೆ ಬಾಟಲಿಗೆ ತುಂಬಿ ಬಿಗಿ ಮುಚ್ಚಳ ಹಾಕಿ. ಮಳೆ ಹೊಯ್ಯುವ ರಾತ್ರಿ ಗಂಜಿ ಒಲೆಯ ಮೇಲಿರುವಾಗ ಒಂದು ಹಿಡಿ ಎಟ್ಟಿ, ಸುಟ್ಟ ಮೆಣಸು, ಚೂರು ಹುಳಿ, ಹಸಿ ನೀರುಳ್ಳಿ ಸಾಕು, ಐದು ನಿಮಿಷದಲ್ಲಿ ಚಟ್ನಿ ಆಗುತ್ತದೆ. ಕಾಯಿ ಹಾಕುವುದಿದ್ದರೆ ಅದು ಮಾತ್ರ ಆ ಹೊತ್ತಿಗೇ ಸೇರಲಿ.

ನಮಸ್ಕಾರ.