ರಿಂಗಿನ ಗ್ಯಾಪ್, ಕ್ಯಾಮ್‌ನ ಡಿಗ್ರಿ

ಕೇಳುಗರಿಗೆ ನಮಸ್ಕಾರ.

ಎಂಜಿನ್ ಬಿಚ್ಚಿ, ಪಿಸ್ಟನ್ನಿನ ಸುತ್ತ ಕೂತು ಗ್ಯಾಸ್ ತಡೆಯುವ ಹೊಸ ರಿಂಗ್, ವಾಲ್ವ್‌ಗಳನ್ನು ತೆರೆದು ಮುಚ್ಚುವ ಹೊಸ ಕ್ಯಾಮ್‌ಶಾಫ್ಟ್ (ಕ್ಯಾಮ್) ಹಾಕಿ ಕಟ್ಟಿದ್ದಾಯಿತು. ಸಿಲಿಂಡರಿನ ಒತ್ತಡ ತೋರಿಸುವ ಕಂಪ್ರೆಷನ್ ಗೇಜ್ ಹಚ್ಚಿ ನೋಡಿದರೆ ಮೊದಲಿಗಿಂತ ಕಡಿಮೆ! ಬೈಗುಳವೆಲ್ಲ ರಿಂಗಿಗೆ. ಆದರೆ ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿಯುತ್ತದೆ ಎಂಬುದು ರಿಂಗೊಂದರ ಕೈಯಲ್ಲಿಲ್ಲ. ಅರ್ಧ ಲೆಕ್ಕ ಕ್ಯಾಮ್‌ನದು.

ಮೊದಲು ರಿಂಗ್ ನೋಡೋಣ. ಪೊಟ್ಟಣದ ಮೇಲಿನ ಅಳತೆ ನಂಬಿ ನೇರವಾಗಿ ಪಿಸ್ಟನ್ನಿಗೆ ತೊಡಿಸಬೇಡಿ. ರಿಂಗನ್ನು ಅದು ಕೂರುವ ಸಿಲಿಂಡರಿಗೇ ಇಳಿಸಿ, ಪಿಸ್ಟನ್ನನ್ನು ತಲೆಕೆಳಗು ಹಿಡಿದು ಸುಮಾರು 25 ಮಿಲಿಮೀಟರ್ ಕೆಳಕ್ಕೆ ಒತ್ತಿ. ಆಗ ರಿಂಗ್ ಓರೆಯಾಗದೆ ಕೂರುತ್ತದೆ. ರಿಂಗಿನ ಎರಡು ತುದಿಗಳ ನಡುವಿನ ಸಂದೇ ಗ್ಯಾಪ್. ಅಲ್ಲಿಗೆ ಫೀಲರ್ ಗೇಜ್ (ಅಳತೆಯ ತೆಳು ಪಟ್ಟಿ) ತೂರಿಸಿ ನೋಡಿ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನಿಗೆ ಮೇಲಿನ ರಿಂಗಿನ ಗ್ಯಾಪ್, ಬೋರ್ ಅಳತೆಯನ್ನು (ಸಿಲಿಂಡರಿನ ಒಳವ್ಯಾಸ) 0.004ರಿಂದ ಗುಣಿಸಿದಷ್ಟು, 80 ಮಿಲಿಮೀಟರ್ ಬೋರಿಗೆ 0.32. ಎರಡನೆಯದಕ್ಕೆ ಸ್ವಲ್ಪ ಹೆಚ್ಚು, 0.36ರಿಂದ 0.40. ಮೇಲಿನಿಂದ ಜಾರಿದ ಗ್ಯಾಸ್ ಎರಡು ರಿಂಗುಗಳ ನಡುವೆ ಸಿಕ್ಕಿಕೊಂಡರೆ ಮೇಲಿನ ರಿಂಗನ್ನೇ ಎತ್ತಿಬಿಡುತ್ತದೆ, ಅದಕ್ಕೆ. ಟರ್ಬೊ ಇದ್ದರೆ ಶಾಖ ಹೆಚ್ಚು, ಗ್ಯಾಪೂ ಹೆಚ್ಚು ಬೇಕು. ರಿಂಗ್ ತಯಾರಕರ ಪಟ್ಟಿ ಕೈಯಲ್ಲಿದ್ದರೆ ಅದೇ ಅಂತಿಮ.

ಗ್ಯಾಪ್ ಸಾಲದಿದ್ದರೆ ಒಂದು ತುದಿಯನ್ನು ಮಾತ್ರ, ಹೊರಮೈಯಿಂದ ಒಳಕ್ಕೆ, ಸಣ್ಣ ಹಲ್ಲಿನ ಅರದಿಂದ ಉಜ್ಜಿ. ಚೂಪು ಅಂಚನ್ನು ಸವರಿ ತೆಗೆಯಿರಿ. ಸ್ವಲ್ಪ ಜಾಸ್ತಿಯಾದರೆ ತುಸು ಗ್ಯಾಸ್ ಸೋರೀತು, ಅಷ್ಟೆ. ಕಡಿಮೆಯಾದರೆ ಕಾದಾಗ ತುದಿಗಳು ಡಿಕ್ಕಿ ಹೊಡೆದು ರಿಂಗ್ ಬೋರನ್ನು ಗೀರುತ್ತದೆ, ಪಿಸ್ಟನ್ನಿನ ಅಂಚನ್ನೂ ಕೀಳುತ್ತದೆ. ಇನ್ನೊಂದು ಮಾತು: ಬೋರ್ ಸವೆದು ಅದರ ವ್ಯಾಸ 0.1 ಮಿಲಿಮೀಟರ್ ಹೆಚ್ಚಿದರೆ ಗ್ಯಾಪ್ 0.31 ಅಗಲವಾಗುತ್ತದೆ. ಮೇಲೊಂದು ಕೆಳಗೊಂದು ಅಳತೆ ತೋರಿಸುವ ಬೋರಿಗೆ ಎಂಥ ದುಬಾರಿ ರಿಂಗ್ ಹಾಕಿದರೂ ದಂಡ. ಕ್ರೋಮ್ ಲೇಪಿಸಿದ ಬೋರಿಗೆ ಕ್ರೋಮ್ ರಿಂಗ್ ಬೇಡವೇ ಬೇಡ. ರಿಂಗಿನಲ್ಲಿ ಚುಕ್ಕೆ ಇರುವ ಮೈ ಮೇಲಕ್ಕೆ.

ಇನ್ನು ಕ್ಯಾಮ್. ವಾಲ್ವ್ ತೆರೆದಿರುವಷ್ಟು ಹೊತ್ತು ಕ್ರ್ಯಾಂಕ್ ತಿರುಗುವ ಡಿಗ್ರಿಯೇ ಡ್ಯುರೇಷನ್. ಅದನ್ನು '280 ಡಿಗ್ರಿ' ಎಂದಷ್ಟೇ ಬರೆದಿದ್ದರೆ ಏನೂ ತಿಳಿಯದು. ಎಷ್ಟು ಲಿಫ್ಟ್ (ಕ್ಯಾಮ್ ಎತ್ತುವ ಎತ್ತರ) ಆದಾಗಿನಿಂದ ಎಣಿಸಿದ್ದು ಎಂದು ಕೇಳಿ. ಅದೇ ಕ್ಯಾಮನ್ನು 1.27 ಮಿಲಿಮೀಟರ್ ಲಿಫ್ಟಿನಿಂದ ಎಣಿಸಿದರೆ 230ರ ಆಸುಪಾಸಿಗೆ ಇಳಿಯಬಹುದು. ಒಂದೇ ಲಿಫ್ಟಿನ ಅಂಕಿಗಳನ್ನು ಮಾತ್ರ ಹೋಲಿಸಿ.

ನಮ್ಮ ಗೇಜಿಗೆ ಮುಖ್ಯವಾದದ್ದು ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವ್ ಮುಚ್ಚುವ ಗಳಿಗೆ. ಲೆಕ್ಕ ಸುಲಭ: ಡ್ಯುರೇಷನ್ನಿನ ಅರ್ಧಕ್ಕೆ ಇನ್‌ಟೇಕ್ ಸೆಂಟರ್‌ಲೈನ್ (ಪಿಸ್ಟನ್ ಮೇಲ್ತುದಿ ಮುಟ್ಟಿದ ಎಷ್ಟು ಡಿಗ್ರಿಗೆ ವಾಲ್ವ್ ಪೂರ್ತಿ ತೆರೆಯುತ್ತದೆ ಎಂಬ ಅಂಕಿ) ಕೂಡಿಸಿ 180 ಕಳೆಯಿರಿ. ಡ್ಯುರೇಷನ್ 270, ಸೆಂಟರ್‌ಲೈನ್ 106 ಆದರೆ ಪಿಸ್ಟನ್ ತಳ ಮುಟ್ಟಿ 61 ಡಿಗ್ರಿ ಕಳೆದ ಮೇಲೆ ವಾಲ್ವ್ ಮುಚ್ಚುತ್ತದೆ. 300ರ ಕ್ಯಾಮ್ ಹಾಕಿದರೆ 76. ಆ ಹೊತ್ತಿಗೆ ಪಿಸ್ಟನ್ ಇನ್ನಷ್ಟು ಮೇಲೇರಿ, ಎಳೆದುಕೊಂಡ ಗಾಳಿಯಲ್ಲಿ ಒಂದು ಪಾಲನ್ನು ಬಂದ ದಾರಿಗೇ ದೂಡಿರುತ್ತದೆ. ಸ್ಟಾರ್ಟರ್ ತಿರುಗಿಸುವ ನಿಧಾನ ವೇಗದಲ್ಲಿ ಗೇಜ್ ಇಳಿಯದೆ ಇನ್ನೇನು?

ತಪ್ಪು ರಿಂಗಿನದೋ ಕ್ಯಾಮ್‌ನದೋ ಎಂದು ಅನುಮಾನ ಬಂದರೆ ಲೀಕ್‌ಡೌನ್ (ಗಾಳಿ ಸೋರಿಕೆಯ) ಪರೀಕ್ಷೆ ಮಾಡಿ. ಕಂಪ್ರೆಷನ್ ಹೊಡೆತದ ತುದಿಗೆ ಪಿಸ್ಟನ್ ತಂದರೆ ಎರಡೂ ವಾಲ್ವ್ ಮುಚ್ಚಿರುತ್ತವೆ, ಕ್ಯಾಮ್‌ಗೆ ಅಲ್ಲಿ ಕೆಲಸವಿಲ್ಲ. ಸ್ಪಾರ್ಕ್ ಪ್ಲಗ್ ತೂತಿನಿಂದ ಗಾಳಿ ಬಿಟ್ಟು ಕಿವಿಗೊಡಿ. ಆಯಿಲ್ ತುಂಬುವ ಬಾಯಲ್ಲಿ ಜೋರಾಗಿ ಬುಸುಗುಟ್ಟಿದರೆ ರಿಂಗ್, ಸೈಲೆನ್ಸರಿನಲ್ಲಾದರೆ ಎಕ್ಸಾಸ್ಟ್ ವಾಲ್ವ್. ಗಾಳಿ ಬಿಡುವ ಮುನ್ನ ಕ್ರ್ಯಾಂಕ್ ತಿರುಗದಂತೆ ಭದ್ರಪಡಿಸಿ, ಅದರ ಬೋಲ್ಟಿಗೆ ಹಾಕಿದ ಸ್ಪ್ಯಾನರನ್ನು ಮರೆಯದೆ ತೆಗೆದಿಡಿ.