ನಾಡಿದ್ದು ಶುಕ್ರವಾರ

ಕೇಳುಗರೇ, ನಮಸ್ಕಾರ.

ಕೆಲವು ವರ್ಷಗಳ ಹಿಂದಿನ ಮಾತು. ಚಿಂಚೋಳಿ ಕಡೆಯ ಒಬ್ಬ ಹುಡುಗಿ ಕಲಬುರಗಿಯ ನಮ್ಮ ಮನೆಗೆ ಬಂದಿದ್ದಳು. ಕೈಯಲ್ಲಿ ಕೆಲಸದ ಸಂದರ್ಶನಕ್ಕೆ ಕರೆದ ಪತ್ರ. ನಾನು ಇಂಗ್ಲಿಷ್ ಕಲಿಸುವವನು ಅಂತ ಯಾರೋ ಹೇಳಿದ್ದರು. ‘ಸರ್, ಯಾವತ್ತು ಹೋಗಬೇಕು ಅಂತ ನೋಡಿ ಹೇಳ್ರಿ’ ಅಂದಳು. ಪತ್ರದಲ್ಲಿ ‘ನೆಕ್ಸ್ಟ್ ಫ್ರೈಡೇ’ ಅಂತ ಇತ್ತು. ತಾರೀಖು ಇರಲಿಲ್ಲ. ಅವತ್ತು ಬುಧವಾರ. ನಾಡಿದ್ದೇ ಬರಬೇಕಿದ್ದರೆ ‘ದಿಸ್ ಫ್ರೈಡೇ’ ಅಂತ ಬರೆಯುತ್ತಿದ್ದರು, ಇದು ಬರುವ ವಾರದ ಶುಕ್ರವಾರ ಅಂತ ನಾನು ಹೇಳಿ ಕಳಿಸಿದೆ. ಅವರು ಕರೆದದ್ದು ನಾಡಿದ್ದಿಗೇ. ಹುಡುಗಿ ಹೋದಾಗ ಆ ಕೆಲಸ ಬೇರೆಯವರಿಗೆ ಸಿಕ್ಕಿಯಾಗಿತ್ತು. ಒಂದು ಫೋನ್ ಮಾಡಿ ಕೇಳು ಅಂತ ನಾನು ಹೇಳಲಿಲ್ಲವಲ್ಲ, ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಇಂಗ್ಲಿಷ್ ಮನೆಮಾತಾಗಿರುವವರೂ ಈ ‘ನೆಕ್ಸ್ಟ್’ ವಿಷಯದಲ್ಲಿ ಒಂದೇ ರೀತಿ ಮಾತಾಡುವುದಿಲ್ಲ. ಕೆಲವರಿಗೆ ಅದು ಎಲ್ಲಕ್ಕಿಂತ ಮೊದಲು ಬರುವ ಶುಕ್ರವಾರ. ಕೆಲವರಿಗೆ ಅದರಾಚೆಯ ವಾರದ್ದು. ನಾವು ಏನು ಮಾಡುತ್ತೇವೆ ನೋಡಿ. ‘ನಾಡಿದ್ದು ಶುಕ್ರವಾರ ಬಾ’ ಅಂತೇವೆ. ಇವತ್ತಿನಿಂದ ಎಷ್ಟನೇ ದಿನ ಅಂತಲೂ ಬಂತು, ವಾರದ ಯಾವ ದಿನ ಅಂತಲೂ ಬಂತು. ಎರಡರಲ್ಲಿ ಒಂದು ತಪ್ಪಿದರೆ ಕೇಳಿದವರು ಅಲ್ಲೇ ಹಿಡಿಯುತ್ತಾರೆ. ನಮ್ಮ ಗಂಜಿನಲ್ಲಿ, ಅಂದರೆ ಮಾರುಕಟ್ಟೆ ಪೇಟೆಯಲ್ಲಿ, ಉರ್ದು ಮಾತಾಡುವವರಿಗೆ ನಿನ್ನೆಯೂ ‘ಕಲ್’, ನಾಳೆಯೂ ‘ಕಲ್’. ಆದರೂ ವ್ಯವಹಾರ ಕೆಡುವುದಿಲ್ಲ, ಯಾಕಂದರೆ ‘ಆಯಾ’ (ಬಂದ), ‘ಆಯೇಗಾ’ (ಬರುತ್ತಾನೆ) ಅನ್ನುವ ಕ್ರಿಯಾಪದ ಪಕ್ಕದಲ್ಲೇ ಇರುತ್ತದೆ. ಇಂಗ್ಲಿಷ್ ಪತ್ರದಲ್ಲಿ ಆ ಕೆಲಸವನ್ನು ತಾರೀಖಿಗೆ ಕೊಡಬೇಕು. ‘ಫ್ರೈಡೇ, 14 ಆಗಸ್ಟ್ 2026’ ಅಂತ ಬರೆದರೆ ಮುಗಿಯಿತು. ‘ಟುಮಾರೊ’ ಕೂಡ ಹಾಗೇ. ನೀವು ಬರೆದ ದಿನ ಬೇರೆ, ಅವರು ಓದುವ ದಿನ ಬೇರೆ. ಮೂರು ದಿನ ಬಿಟ್ಟು ಪತ್ರ ತೆರೆದವರಿಗೆ ನಾಳೆ ಅಂದರೆ ಯಾವುದು?

ನಮ್ಮ ಭಾಗದ ಮಕ್ಕಳ ಅರ್ಜಿಗಳಲ್ಲಿ ನಾನು ಜಾಸ್ತಿ ನೋಡುವುದು ‘ಟಿಲ್’ ಅನ್ನುವ ಪದದ ತೊಡಕು. ‘ಐ ವಿಲ್ ಸಬ್ಮಿಟ್ ದ ಮಾರ್ಕ್ಸ್ ಕಾರ್ಡ್ ಟಿಲ್ ಮಂಡೇ’ ಅಂತ ಬರೆಯುತ್ತಾರೆ. ಸೋಮವಾರದ ತನಕ ಕೊಡುತ್ತಲೇ ಇರುತ್ತೇನೆ ಅಂದ ಹಾಗಾಯಿತು! ಇದಕ್ಕೆ ಕಾರಣ ಉರ್ದು, ಹಿಂದಿಯ ‘ತಕ್’ ಇರಬಹುದು ಅಂತ ನನಗೆ ಅನಿಸುತ್ತದೆ. ಅಲ್ಲಿ ಒಂದೇ ‘ತಕ್’ ಎರಡೂ ಅರ್ಥಕ್ಕೆ ನಡೆಯುತ್ತದೆ. ಕನ್ನಡದಲ್ಲಿ ಎರಡು ಬೇರೆ ಪದಗಳಿವೆ, ಅವನ್ನೇ ಹಿಡಿದುಕೊಳ್ಳಿ. ‘ಸೋಮವಾರದೊಳಗೆ ಕೊಡ್ತೀನಿ’ ಅನ್ನುವಲ್ಲಿ ‘ಬೈ ಮಂಡೇ’. ‘ಸೋಮವಾರದ ತನಕ ಊರಲ್ಲೇ ಇರ್ತೀನಿ’ ಅನ್ನುವಲ್ಲಿ ‘ಟಿಲ್ ಮಂಡೇ’. ಹಣ ಕಟ್ಟುವ ವಿಷಯವಾದರೆ ಗಂಟೆಯನ್ನೂ ಸೇರಿಸಿ: ‘ಬೈ 5 ಪಿಎಂ ಆನ್ ಮಂಡೇ’. ಇಲ್ಲದಿದ್ದರೆ ಸೋಮವಾರ ಸಂಜೆ ಕೌಂಟರ್ ಮುಂದೆ ಜಗಳ ಶುರುವಾಗುತ್ತದೆ.

ಬಯೋಡೇಟಾದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ‘ಐ ವರ್ಕ್ಡ್ ಇನ್ ಬೀದರ್ ಫಾರ್ ಫೈವ್ ಇಯರ್ಸ್’ ಅಂದರೆ ಕೆಲಸ ಮಾಡಿ ಬಿಟ್ಟಾಯಿತು. ‘ಐ ಹ್ಯಾವ್ ಬೀನ್ ವರ್ಕಿಂಗ್’ ಅಂದರೆ ಈಗಲೂ ಅಲ್ಲೇ ಇದ್ದೇನೆ. ಬಿಟ್ಟ ಕೆಲಸವನ್ನು ಇರುವ ಕೆಲಸ ಅಂತ ಓದಿದರೆ ಸುಳ್ಳು ಹೇಳಿದ ಹೆಸರು ಬರುತ್ತದೆ, ಅಲ್ವಾ? ಇನ್ನು ‘ಹ್ಯಾಡ್’ ಕಂಡರೆ ಮಕ್ಕಳಿಗೆ ಸುಮ್ನೆ ಭಯ. ಅದು ನಮ್ಮ ‘ಹೋಗಿತ್ತು’ ಪದದಲ್ಲಿರುವ ‘ಇತ್ತು’, ಅಷ್ಟೇ. ‘ನಾನು ಸ್ಟೇಷನ್ನಿಗೆ ಬರುವಷ್ಟರಲ್ಲಿ ರೈಲು ಹೋಗಿತ್ತು.’ ಅಲ್ಲಿ ‘ಹ್ಯಾಡ್ ಲೆಫ್ಟ್’ ಬೇಕು. ಬರೀ ‘ಲೆಫ್ಟ್’ ಅಂದರೆ ನಾನು ಬಂದೆ, ಆಮೇಲೆ ರೈಲು ಬಿಟ್ಟಿತು ಅಂತಲೂ ಓದಬಹುದು.

ಪದವನ್ನು ಎಲ್ಲಿ ಇಡುತ್ತೇವೆ ಅನ್ನುವುದೂ ಮುಖ್ಯ. ‘ಹಿ ಸೆಡ್ ಆನ್ ಮಂಡೇ ಹಿ ವುಡ್ ಪೇ.’ ಹೇಳಿದ್ದು ಸೋಮವಾರವೋ, ಹಣ ಕೊಡುವುದು ಸೋಮವಾರವೋ? ನಡುವೆ ಒಂದು ‘ದ್ಯಾಟ್’ ಹಾಕಿ. ‘ಮಂಡೇ’ ಆದಮೇಲೆ ಅದು ಬಂದರೆ ಹೇಳಿದ ದಿನ. ಅದಕ್ಕಿಂತ ಮೊದಲು ಬಂದರೆ ಕೊಡುವ ದಿನ.

ರೈಲಿನ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಟಿಕೆಟ್‌ನಲ್ಲಿ 15ನೇ ತಾರೀಖು, 00.20 ಅಂತ ಇದ್ದರೆ ನೀವು ಸ್ಟೇಷನ್ನಿಗೆ ಹೋಗಬೇಕಾದದ್ದು 14ರ ರಾತ್ರಿ ಊಟ ಮುಗಿಸಿ. 15ರ ರಾತ್ರಿ ಹೋದರೆ ರೈಲು ಹೋಗಿ ಒಂದು ದಿನ ಆಗಿರುತ್ತದೆ. ಕರೆದೊಯ್ಯಲು ಬರುವವರಿಗೆ ಇಂಗ್ಲಿಷಿನಲ್ಲಿ ಸಂದೇಶ ಕಳಿಸುವಾಗ ಎರಡೂ ತಾರೀಖು ಬರೆಯಿರಿ: 14ರ ರಾತ್ರಿ, ಅಂದರೆ 15ರ 00.20. ‘12 ಎಎಂ’, ‘12 ಪಿಎಂ’ ಬಿಟ್ಟೇಬಿಡಿ. ‘12 ನೂನ್’, ‘12 ಮಿಡ್‌ನೈಟ್’ ಅನ್ನಿ.

ತಾರೀಖನ್ನು ಬರೀ ಅಂಕಿಯಲ್ಲಿ ಬರೆದರೆ ಅದೂ ಸಾಲದು. 05/06 ನಮಗೆ ಜೂನ್ 5, ಅಮೆರಿಕದವರಿಗೆ ಮೇ 6. ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ. ಅಂಕಿಯೇ ಬೇಕು ಅಂದರೆ 1988ರಲ್ಲಿ ಬಂದ ಐಎಸ್‌ಒ 8601 ಅನ್ನುವ ಅಂತರರಾಷ್ಟ್ರೀಯ ಪದ್ಧತಿ ಇದೆ: ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ.

ನಮ್ಮ ಮನೆಯಲ್ಲಿ ಅಜ್ಜನ ಕಾಲದ ಹೊಲದ ಕಾಗದ ಒಂದಿದೆ. ನಿಜಾಮರ ಆಳ್ವಿಕೆಯದು. ಅದರಲ್ಲಿರುವ ವರ್ಷ 1342. ಬರೀ ಆ ಅಂಕಿ ನೋಡಿದರೆ ಬಹಮನಿ ಸುಲ್ತಾನರಿಗಿಂತ ಹಳೆಯದು ಅನ್ನಬೇಕು, ಬಹಮನಿ ರಾಜ್ಯ ಶುರುವಾದದ್ದೇ 1347ರಲ್ಲಿ. ಆದರೆ ಕಾಗದ ಬರೆದ ಗುಮಾಸ್ತ ಪಕ್ಕದಲ್ಲಿ ‘ಫಸಲಿ’ ಅಂತ ಬರೆದಿದ್ದಾನೆ, ಅಂದರೆ ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ವರ್ಷ. ಹೈದರಾಬಾದಿನ ಫಸಲಿಗೆ 590 ಕೂಡಿಸಿದರೆ 1932, ಫಸಲಿ ವರ್ಷದ ಮೊದಲ ಮೂರು ತಿಂಗಳು ಕಳೆದಿದ್ದರೆ 1933. ಅಜ್ಜ ಹೊಲ ಕೊಂಡದ್ದು ಆಗ.

ನಮಸ್ಕಾರ.