ಸಾವಯವ ತೊಗರಿಬೇಳೆಗೆ ಯಾಕೆ ಅಷ್ಟು ರೇಟು?

(ಮೇಜಿನ ಮೇಲೆ ತೊಗರಿ ಗಿಡ, ಬೇರು ಸಮೇತ)

ನಮಸ್ಕಾರ. ಡೊಂಬಿವಲಿಯ ಅಕ್ಕ ಒಬ್ಬರು ಕೇಳಿದ್ದಾರೆ: "ಯೂರಿಯಾ ಹಾಕಿಲ್ಲ ಅನ್ನೋದಕ್ಕೇ ಬೇಳೆಗೆ ಇಷ್ಟು ರೇಟಾ?"

ಸಾವಯವ ಅಂದರೇನು ಅಂತ ನಿಮಗೆ ಗೊತ್ತೇ ಇದೆ. ಸೀದಾ ಬೇರಿಗೆ ಹೋಗೋಣ.

ಇದು ಕಲಬುರಗಿ ಜಿಲ್ಲೆಯ ಆಳಂದದ ಹತ್ತಿರ ನಮ್ಮ ಕಾಕಾ ಅವರ ಹೊಲದ ಗಿಡ. ಒದ್ದೆ ಗೋಣಿಚೀಲದಲ್ಲಿ ಸುತ್ತಿ ರಾತ್ರಿ ರೈಲಿನಲ್ಲಿ ಮುಂಬೈಗೆ ತಂದೆ.

(ಕ್ಯಾಮೆರಾ ಬೇರಿನ ಹತ್ತಿರ)

ಈ ಪುಟ್ಟ ಗಂಟು ನೋಡಿ. ಉಗುರಿನಿಂದ ಸೀಳುತ್ತೇನೆ. ಒಳಗೆ ನಸುಗೆಂಪು! ಇದು ಲೆಗ್‌ಹಿಮೋಗ್ಲೋಬಿನ್, ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ದಾಯಾದಿ. ಗಂಟಿನೊಳಗಿನ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಗೊಬ್ಬರ ಮಾಡಿಕೊಡುತ್ತದೆ. ಬದಲಿಗೆ ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ಆದರೆ ಈ ಕೆಲಸ ಮಾಡುವ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಕೆಟ್ಟೇಹೋಗುತ್ತದೆ. ಹಾಗಂತ ಬ್ಯಾಕ್ಟೀರಿಯಾ ಉಸಿರಾಡದೆ ಇರುವುದಕ್ಕೂ ಆಗುವುದಿಲ್ಲ, ಅಲ್ವಾ? ಅದಕ್ಕೇ ಈ ಕೆಂಪು ವಸ್ತು ಆಮ್ಲಜನಕವನ್ನು ಹಿಡಿದಿಟ್ಟು, ಅಳೆದು ಅಳೆದು ಕೊಡುತ್ತದೆ. ಎಷ್ಟು ಸಲ ಸೀಳಿ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಯೂರಿಯಾ ಕೊಡುವುದೂ ಇದೇ ಸಾರಜನಕವನ್ನು. ಹಾಗಾಗಿ ರಾಸಾಯನಿಕ ಬೇಸಾಯದಲ್ಲೂ ತೊಗರಿಗೆ ಹೆಕ್ಟೇರಿಗೆ ಸುಮಾರು 25 ಕಿಲೋ ಸಾರಜನಕ ಸಾಕು. ಜಾಸ್ತಿ ಸುರಿದರೆ ಗಂಟು ಸರಿಯಾಗಿ ಕಟ್ಟುವುದೇ ಇಲ್ಲ. 2012ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಲೆಕ್ಕ ಹೇಳುತ್ತೇನೆ: ತೀರಾ ಆಮ್ಲವೂ ಅಲ್ಲದ, ತೀರಾ ಕ್ಷಾರವೂ ಅಲ್ಲದ ಮಣ್ಣಿನಲ್ಲಿ, ಮಳೆ ನಂಬಿದ ದ್ವಿದಳ ಮತ್ತು ಬಹುವಾರ್ಷಿಕ ಬೆಳೆಗಳಲ್ಲಿ ಸಾವಯವದ ಇಳುವರಿ ಶೇ. 5ರಷ್ಟು ಮಾತ್ರ ಕಡಿಮೆ.

ಅಂದರೆ ಅಕ್ಕ, ನೀವು ಕೊಡುವ ದುಡ್ಡು ಯೂರಿಯಾದ್ದಲ್ಲ. ಹುಳದ್ದು.

ಕಾಯಿಕೊರಕ. ಊರಲ್ಲಿ ಕೀಡಿ ಅನ್ನುತ್ತಾರೆ. ಹೂ ಬಿಟ್ಟಾಗ ಬಂದು ಕಾಯಿಗೆ ತೂತು ಕೊರೆದು ಕಾಳು ತಿನ್ನುತ್ತದೆ. ಪಕ್ಕದ ಹೊಲದವರು ಕೀಟನಾಶಕ ಹೊಡೆದು ಮನೆಗೆ ಹೋಗುತ್ತಾರೆ. ಕಾಕಾ ಬೇವಿನ ಬೀಜದ ಕಷಾಯ ಹೊಡೆಯುತ್ತಾರೆ, ಹೆಣ್ಣು ಪತಂಗದ ವಾಸನೆ ತೋರಿಸಿ ಗಂಡು ಪತಂಗ ಹಿಡಿಯುವ ಮೋಹಕ ಬಲೆ ಕಟ್ಟುತ್ತಾರೆ, ಹುಳ ತಿನ್ನುವ ಹಕ್ಕಿ ಕೂರಲಿ ಅಂತ ಕೋಲು ನೆಡುತ್ತಾರೆ. ಅಷ್ಟಾದರೂ ಹುಳ ಉಳಿದರೆ ಇಬ್ಬರು ಕೆಳಗೆ ತಾಡಪತ್ರಿ ಹಿಡಿಯುತ್ತಾರೆ, ಒಬ್ಬರು ಗಿಡ ಜಾಡಿಸುತ್ತಾರೆ. ಹುಳ ಪಟಪಟ ಉದುರುತ್ತದೆ. ಸಾಲು ಸಾಲೂ ಹೀಗೇ. ಆ ಕೂಲಿಯ ಲೆಕ್ಕ ಹಾಕಿ ನೋಡಿ.

ಟೈಮ್ ಆಗುತ್ತಿದೆ, ಉಳಿದದ್ದು ಬೇಗ ಹೇಳುತ್ತೇನೆ. ಸಾವಯವದಲ್ಲಿ ರಂಜಕ, ಅಂದರೆ ಫಾಸ್ಫರಸ್, ಒದಗಿಸುವುದು ಕಷ್ಟ. ಗಿಡ ಒಣಗಿಸುವ ನೆಟೆರೋಗ ತಡೆಯಲು ಬೀಜಕ್ಕೆ ಟ್ರೈಕೋಡರ್ಮಾ ಅನ್ನೋ ಉಪಕಾರಿ ಶಿಲೀಂಧ್ರ ಹಚ್ಚುತ್ತಾರೆ. ಸಾವಯವ ಪ್ರಮಾಣಪತ್ರಕ್ಕೆ ಹೊಲ ರಾಸಾಯನಿಕ ಇಲ್ಲದೆ ಕನಿಷ್ಠ 2 ವರ್ಷ ಕಾಯಬೇಕು.

ಅಕ್ಕ, ‘ಅನ್‌ಪಾಲಿಶ್ಡ್’ ಅಂದ ಮಾತ್ರಕ್ಕೆ ಬೇಳೆ ಸಾವಯವ ಆಗುವುದಿಲ್ಲ. ಅದು ಬೇಳೆಗೆ ಹೊಳಪು ಕೊಟ್ಟಿಲ್ಲ ಅನ್ನೋ ಗಿರಣಿಯ ಮಾತು, ಹೊಲದ್ದಲ್ಲ. ಪೊಟ್ಟಣದ ಮೇಲೆ ಸರ್ಕಾರದ ಸಾವಯವ ಗುರುತು ಇದೆಯಾ ನೋಡಿ ತಗೊಳ್ಳಿ.